ಇಲಿ ಕುಡಿಯದೆ ಬಿಟ್ಟ ಎಣ್ಣೆ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಮೀಸೆ ಬೋಳಿಸಿಬಿಡಿ. ಇಲಿಗಳ ಭಾಷೆಯಲ್ಲಿ ನನ್ನನ್ನು ಮೀರಿಸುವ ಪಂಡಿತ ಇನ್ನೂ ಹುಟ್ಟಿಲ್ಲ.

ಬಹಳ ಹಿಂದೆ ರೋಮ್ ಪಟ್ಟಣದ ಕ್ರೈಸ್ತರು ತೀರಿಕೊಂಡ ತಮ್ಮವರನ್ನು ನೆಲದಡಿಯ ಸುರಂಗಗಳಲ್ಲಿ ಇಡುತ್ತಿದ್ದರು. ಅಲ್ಲೊಂದು ಪುಟ್ಟ ಸಮಾಧಿಯ ಮುಂದೆ ಮಣ್ಣಿನ ಹಣತೆ ಉರಿಯುತ್ತಿತ್ತು. ಹಸಿದ ಇಲಿಯೊಂದು ಎಣ್ಣೆಯ ವಾಸನೆ ಹಿಡಿದು ಬಂತು.

"ಹಣತೆಯೇ, ನಿನ್ನ ಎಣ್ಣೆಯನ್ನೆಲ್ಲ ಕುಡಿದುಬಿಡುತ್ತೇನೆ. ಸತ್ತವರಿಗೆ ಬೆಳಕೇಕೆ?"

"ಮೆಲ್ಲಗೆ ಮಾತಾಡು ಮಾರಾಯ, ಮಗು ಮಲಗಿದೆ."

"ಇದು ಸ್ಮಶಾನ ಕಣೇ!"

"ಅದು ನೀವಿಟ್ಟ ಹೆಸರು. ಈ ಕ್ರೈಸ್ತರು ಇದನ್ನು ಮಲಗುವ ಮನೆ ಅನ್ನುತ್ತಾರೆ."

ಇಲಿ ಕಿಸಕ್ಕನೆ ನಕ್ಕು ಎಣ್ಣೆಗೆ ಮೂತಿ ಇಡುವಷ್ಟರಲ್ಲಿ ಹೆಜ್ಜೆ ಸಪ್ಪಳ ಕೇಳಿತು. ಅದು ಮೂಲೆಗೆ ಸರಿಯಿತು. ಮಗುವಿನ ತಾಯಿ ರುಫೀನಾ ಬಂದು, ತೊಟ್ಟಿಲ ಕೂಸನ್ನು ತಟ್ಟುವ ಹಾಗೆ ಸಮಾಧಿಯ ಕಲ್ಲನ್ನು ತಟ್ಟಿದಳು.

"ಹೆದರಬೇಡ ಪುಟ್ಟಿ, ದೀಪ ಇದೆಯಲ್ಲ. ಬೆಳಗಾದಾಗ ಪ್ರಭುವೇ ಬಂದು ಎಬ್ಬಿಸುತ್ತಾನೆ."

ಅವಳು ಹೋದ ಮೇಲೆ ಹಣತೆ ಕೇಳಿತು: "ಇನ್ನೇನು, ಕುಡಿಯುವುದಿಲ್ಲವೇ?"

"ನನ್ನದು ಊಟ ಆಗಿದೆ," ಎಂದು ಇಲಿ ಪಿಸುಗುಟ್ಟಿತು. ಬಾಲ ನೆಲಕ್ಕೆ ಉಜ್ಜಿ ಸದ್ದಾದೀತೆಂದು ಅದನ್ನು ಬಾಯಲ್ಲಿ ಕಚ್ಚಿಕೊಂಡು, ತುದಿಗಾಲಲ್ಲಿ ಹೊರಟುಹೋಯಿತು. ಹೊರಗೆ ಅದಕ್ಕೆ ರೊಟ್ಟಿಯ ಚೂರೊಂದು ಸಿಕ್ಕಿತು. ತಿಂದು ತೇಗಿತು.

ಇಷ್ಟೂ ನಿಜ. ಆ ರೊಟ್ಟಿಯ ಚೂರೊಂದನ್ನು ಮಾತ್ರ ನಾನೇ ಸೇರಿಸಿದೆ. ಆ ಇಲಿಯನ್ನು ಹಸಿದ ಹೊಟ್ಟೆಯಲ್ಲಿ ಕಳಿಸಲು ನನಗೆ ಮನಸ್ಸು ಬರಲಿಲ್ಲ.