ಎರಡನೆಯ ಹಿಡಿ ರಾಗಿ

"ಕೇಳಿರಪ್ಪೋ ಕೇಳಿ! ರಾಜಕುಮಾರಿ ಹೊನ್ನಾಂಬೆಯವರ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ಒಂದು ತಪ್ಪಿದರೂ ಹುಣ್ಣಿಮೆಯ ದಿನ ತಲೆ ಹೋಗುತ್ತದೆ!" ಎಂದು ಕಲ್ಲುಗುಡಿ ರಾಜ್ಯದಲ್ಲೆಲ್ಲ ಡಂಗುರ ಸಾರಿದರು.

ಆ ರಾಜ್ಯದಲ್ಲಿ ಕೂಲಿ ಎಂದರೆ ರಾಗಿ. ಕೂಲಿ ಪಡೆದವನು ಅದರಲ್ಲಿ ಒಂದು ಹಿಡಿ ಮುದುಕರ ಕಣಜಕ್ಕೆ ಹಾಕಬೇಕು, ಕೂಲಿ ಕೊಟ್ಟವನು ತನ್ನದೂ ಒಂದು ಹಿಡಿ ಸೇರಿಸಬೇಕು. ರಟ್ಟೆ ಸೋತು ಕೆಲಸ ಬಿಟ್ಟ ಮೇಲೆ ಎಲ್ಲರ ಹೊಟ್ಟೆಗೂ ಆ ಕಣಜವೇ ಗತಿ. ಆದರೆ ಕಣಜ ಬರಿದಾಗತೊಡಗಿತ್ತು. ಅಧಿಕಾರಿಗಳ ಜಾಣತನ ನೋಡಿ: ಮುದುಕರಿಗೆ ಕಣಜದಿಂದ ಅಳೆದುಕೊಟ್ಟ ರಾಗಿಯಲ್ಲೇ ಒಂದು ಹಿಡಿ ಕಿತ್ತುಕೊಂಡು ಮತ್ತೆ ಕಣಜಕ್ಕೆ ಸುರಿಯತೊಡಗಿದರು.

ಬುಟ್ಟಿ ಹೆಣೆಯುವ ಕೆಂಚನ ಅಜ್ಜಿ ಈರವ್ವ ಅರಮನೆಯ ಅಂಗಳ ಗುಡಿಸಿ ಮುದುಕಿಯಾದವಳು. ಈಗ ಅವಳ ಗಂಜಿ ನೀರಾಗಿತ್ತು. ಕೆಂಚನಿಗೆ ಹೊಟ್ಟೆ ಉರಿಯಿತು.

"ಒಗಟು ಬಿಡಿಸಿ ನಿನ್ನ ಹಿಡಿ ರಾಗಿ ವಾಪಸ್ ತರ್ತೀನಿ, ಅಜ್ಜಿ."

"ಹಿಡಿ ರಾಗಿ ಹೋದ್ರೆ ಹೋಗ್ಲಿ ಮಗಾ, ನಿನ್ನ ತಲೆ ಹೋದ್ರೆ ಎಲ್ಲಿಂದ ತರ್ಲಿ?" ಎಂದು ಅವಳು ಅತ್ತಳು. ಕೆಂಚ ಹೊರಟೇಬಿಟ್ಟ.

"ಎಲ್ಲರೂ ಒಂದು ಹಿಡಿ ಹಾಕುವಾಗ, ಒಬ್ಬನೇ ಎರಡು ಹಿಡಿ ಹಾಕುವವನು ಯಾರು?" ಎಂದಳು ಸಭೆಯಲ್ಲಿ ದೊರೆಯ ಪಕ್ಕ ಕೂತಿದ್ದ ರಾಜಕುಮಾರಿ. ಈ ಪ್ರಶ್ನೆಗೆ "ದಾನಶೂರ" ಎಂದಿದ್ದ ಸೇನಾಪತಿಯ ಮಗ ಆಗಲೇ ಸೆರೆಯಲ್ಲಿದ್ದ.

ಕೆಂಚ ನಕ್ಕ. "ನಾನೇ ತಾಯಿ! ಬುಟ್ಟಿ ಹೆಣೆಯೋ ಆಳೂ ನಾನೇ, ಹೆಣೆಸೋ ಧಣೀನೂ ನಾನೇ."

"ಅವಳಿ ಮುದುಕಿಯರಿಬ್ಬರೂ ಕಣಜದ ರಾಗಿ ಉಣ್ಣುತ್ತಾರೆ. ಒಬ್ಬಳು ಹಿಡಿ ಹಾಕಬೇಕು, ಇನ್ನೊಬ್ಬಳು ಹಾಕಬೇಕಿಲ್ಲ. ಯಾಕೆ?"

"ಒಬ್ಬಳು ಸಿರಿವಂತೆ" ಎಂದಿದ್ದ ವರ್ತಕನ ಮಗನೂ ಸೆರೆಯಲ್ಲೇ ಇದ್ದ.

"ಒಬ್ಬಳು ಸುಮ್ನೆ ಕೂರಲಾರದೆ ಮತ್ತೆ ಕೂಲಿಗೆ ಹೋಗ್ತಾಳೆ. ಹಿಡಿ ಹಾಕೋದು ಕೂಲಿಯಿಂದ, ತಲೆ ನೆರೆತಿದ್ದಕ್ಕಲ್ಲ. ಕಣಜದಿಂದ ಬರೋದು ಕೂಲಿಯಲ್ಲ ತಾಯಿ, ಹಿಂದೆ ತಾವೇ ಹಾಕಿಟ್ಟದ್ದು. ನಮ್ಮಜ್ಜಿ ಹತ್ರ ಅದನ್ನ ಕಿತ್ಕೊಳ್ಳೋದು ಅನ್ಯಾಯ."

"ಸರಿ. ಊರೆಲ್ಲ ಹಾಕಿದರೂ ಕಣಜ ತುಂಬುತ್ತಿಲ್ಲ. ಯಾರಿಂದ?"

ಇದಕ್ಕೆ ಮಂತ್ರಿಯ ಮಗ "ಇಲಿಗಳಿಂದ" ಎಂದು ಸೆರೆ ಸೇರಿದ್ದ. ಕೆಂಚನಿಗೆ ಉತ್ತರ ಗೊತ್ತಿತ್ತು, ಅದನ್ನು ಹೇಳಿದರೂ ತಲೆ ಉಳಿಯುವುದು ಕಷ್ಟವೆಂದೂ ಗೊತ್ತಿತ್ತು. ಅಜ್ಜಿಯ ಗಂಜಿ ನೆನೆದು ಬಾಯಿಬಿಟ್ಟ.

"ದೊರೆಗಳಿಂದ. ರಾಜ್ಯದಲ್ಲಿ ಅತಿ ಹೆಚ್ಚು ಜನಕ್ಕೆ ಕೂಲಿ ಕೊಡೋರು ಅವರೇ. ಅಜ್ಜಿ ದುಡಿದಷ್ಟು ಕಾಲವೂ ತನ್ನ ಹಿಡಿ ಹಾಕಿದ್ಲು. ಅರಮನೆಯ ಹಿಡಿ ಅದರ ಜೊತೆ ಒಂದು ದಿನವೂ ಬೀಳಲಿಲ್ಲವಂತೆ."

ದೊರೆಯ ಮುಖ ಕೆಂಪಾಯಿತು.

"ಉತ್ತರ ಸರಿಯಾಗಿದೆ ಅಪ್ಪಾಜಿ," ಎಂದಳು ರಾಜಕುಮಾರಿ. "ನಾನೇ ಹೇಳಿದ್ದರೆ ಮಗುವಿನ ಮಾತೆಂದು ನಗುತ್ತಿದ್ದಿರಿ."

ದೊರೆ ಮಗಳ ಮುಖವನ್ನೊಮ್ಮೆ, ಕೆಂಚನ ಮುಖವನ್ನೊಮ್ಮೆ ನೋಡಿ ಹೊಟ್ಟೆ ಕುಲುಕಿಸಿ ನಕ್ಕ. "ಆ ಮೂವರನ್ನೂ ಬಿಟ್ಟುಬಿಡಿ. ತಪ್ಪಿದವರ ತಲೆ ಹೋಗುವುದಾದರೆ ಮೊದಲು ನನ್ನದೇ ಹೋಗಬೇಕು!"

ಕೆಂಚ ಬೇಡಿದಂತೆ ಮುದುಕರ ರಾಗಿಗೆ ಕೈ ಹಾಕುವುದು ಅಂದೇ ನಿಂತಿತು. ದೊರೆ ಅವನನ್ನೇ ಕಣಜದ ಅಧಿಕಾರಿಯಾಗಿ ನೇಮಿಸಿದ. ಸಭೆಯಲ್ಲಿ ಮೊದಲ ಕೂಲಿ ಪಡೆದ ದಿನ ಕೆಂಚ ಅಭ್ಯಾಸದಂತೆ ಕಣಜದ ಬುಟ್ಟಿಗೆ ಎರಡು ಹಿಡಿ ಹಾಕಹೊರಟು, ಒಂದಕ್ಕೇ ಕೈ ತಡೆದು, ಈಗ ತನಗೆ ಧಣಿಯಾದ ದೊರೆಯ ಮುಖ ನೋಡಿದ. ದೊರೆ ಸಿಂಹಾಸನ ಇಳಿದು ಬಂದು ರಾಗಿಗೆ ಕೈಯಿಟ್ಟ.

ಪಕ್ಕದಲ್ಲೇ ನಿಂತಿದ್ದ ಈರವ್ವ ಬಗ್ಗಿ ನೋಡಿದಳು. "ಬುದ್ಧೀ, ನಿಮ್ಮ ಕೈ ದೊಡ್ಡದು. ಹಿಡಿ ಪೂರ್ತಿ ತುಂಬ್ಕೊಳ್ಳಿ!"