ಪಾಳಿಕಟ್ಟೆಯ ಕೋಲು

ನೀರಗುಂದಿಯ ದಾರಿಯಲ್ಲಿ ಸಿಡಿಗಲ್ಲ ಕಣಿವೆಯನ್ನು ಏರಿ, ಇನ್ನು ಇಳಿಯಬೇಕು ಎನ್ನುವ ಜಾಗದಲ್ಲಿ, ಎಡಗಡೆಗೆ ಒಂದು ಹಳೆಯ ಕಲ್ಲುಕಟ್ಟಡ ಕಾಣುತ್ತದೆ. ಬಸ್ಸಿನವರು ಆ ನಿಲುಗಡೆಯನ್ನು ಪಾಳಿಕಟ್ಟೆ ಎಂದು ಕೂಗುತ್ತಾರೆ. ಅಲ್ಲಿ ಊರೇನೂ ಇಲ್ಲ. ಒಂದು ಬೇವಿನ ಮರ, ಒಂದು ಚಹದಂಗಡಿ, ಆ ಕಟ್ಟಡ, ಅದರ ಬಾಗಿಲ ಬಲಕ್ಕೊಂದು ಕಲ್ಲಿನ ಕಟ್ಟೆ, ಇಷ್ಟೇ. ಕಟ್ಟಡ ಮೊದಲು ದೇಸಾಯರು ಕಟ್ಟಿಸಿದ ಛತ್ರವಾಗಿತ್ತು, ಆಮೇಲೆ ಸಾಹೇಬರ ಬಂಗಲೆಯಾಯಿತು, ಆಮೇಲೆ ಬಹಳ ಕಾಲ ಬಾವಲಿಗಳ ಮನೆಯಾಗಿತ್ತು, ಈಗ ಹೋಟೆಲಾಗಿದೆ. ಗೋಡೆಗೆ ಸುಣ್ಣ, ಮೆತ್ತನೆಯ ಹಾಸಿಗೆ, ಬಚ್ಚಲಲ್ಲಿ ಬಿಸಿನೀರು ಎಲ್ಲವೂ ಬಂದಿವೆ. ಆದರೆ ಜನ ಅದಕ್ಕಾಗಿ ಬರುವುದಿಲ್ಲ. ಇಲ್ಲಿ ದೆವ್ವವಿದೆಯಂತೆ, ಒಂದು ರಾತ್ರಿ ಇದ್ದು ಹೆದರಿಕೊಂಡು ಹೋಗೋಣ ಎಂದು ಬರುತ್ತಾರೆ. ನಿದ್ದೆಯಿಲ್ಲದವರು ನಿದ್ದೆಗಾಗಿ ಔಷಧಿ ಹುಡುಕುವುದನ್ನು ಎಲ್ಲರೂ ನೋಡಿದ್ದಾರೆ. ಚೆನ್ನಾಗಿ ನಿದ್ದೆ ಬರುವವರು ಅದನ್ನು ಕೆಡಿಸಿಕೊಳ್ಳಲಿಕ್ಕೆಂದು ಇಷ್ಟು ದೂರ ಕಾರು ಹತ್ತಿ ಬರುವುದನ್ನು ಮಾತ್ರ ಇಲ್ಲಿಯೇ ನೋಡಬೇಕು.

ಬಂದವರಿಗೆ ಹೋಟೆಲಿನವರು ಒಂದು ಕಥೆ ಹೇಳುತ್ತಾರೆ. ಬಿಳಿ ಗೌನು ತೊಟ್ಟ ದೊರೆಸಾನಿಯೊಬ್ಬಳು ಮೇಣದಬತ್ತಿ ಹಿಡಿದು ಪಡಸಾಲೆಯಲ್ಲಿ ಓಡಾಡುತ್ತಾಳಂತೆ. ಪಾಪ, ಆ ದೊರೆಸಾನಿ ಎಲ್ಲಿಯವಳೋ, ಅವಳನ್ನು ಇಲ್ಲಿಗೆ ತಂದವರು ಯಾರೋ, ಸುತ್ತಲಿನ ಹಳ್ಳಿಗಳಲ್ಲಿ ಅವಳ ಸುದ್ದಿ ಕೇಳಿದವರೇ ಇಲ್ಲ. ಹಳ್ಳಿಯವರು ಹೇಳುವುದು ಬೇರೆಯೇ ಕಥೆ. ಅದರಲ್ಲಿ ಕೊಲೆಯಿಲ್ಲ, ರಕ್ತವಿಲ್ಲ, ಹೂತಿಟ್ಟ ಹೊನ್ನಿಲ್ಲ. ಇರುವುದು ದಣಿವೊಂದೇ. ದಣಿವಿನ ಕಥೆ ಕೇಳಲು ಯಾರು ಬರುತ್ತಾರೆ? ಹೇಳುವವರಿಗೇ ನಡುವೆ ಆಕಳಿಕೆ ಬರುತ್ತದೆ. ಆದರೂ ಪಾಳಿಕಟ್ಟೆಗೆ ಆ ಹೆಸರು ಬಂದದ್ದು ಅದರಿಂದಲೇ ಆದ್ದರಿಂದ ಹೇಳದೆ ಗತಿಯಿಲ್ಲ.

ಹಿಂದೆ ಒಮ್ಮೆ, ಗಾಡಿಗಳು ಈ ಕಣಿವೆ ಏರಲಾರದ ಕಾಲದಲ್ಲಿ, ಉಪ್ಪು, ಬೆಲ್ಲ, ಹತ್ತಿ ಎಲ್ಲವೂ ಎತ್ತಿನ ಬೆನ್ನ ಮೇಲೆ ಹೇರಾಗಿ ಹೋಗುತ್ತಿದ್ದವು. ಆ ಹೇರಿನವರು ಕತ್ತಲಾದಾಗ ಛತ್ರದಲ್ಲಿ ಇಳಿದು ಎತ್ತುಗಳನ್ನು ಬೇವಿನ ಕೆಳಗೆ ಕಟ್ಟಿ ಮಲಗುತ್ತಿದ್ದರು. ಕಳ್ಳಕಾಕರ ಭಯಕ್ಕೆ ಒಬ್ಬೊಬ್ಬರಾಗಿ ಪಾಳಿಯ ಮೇಲೆ ಬಾಗಿಲ ಕಟ್ಟೆಯಲ್ಲಿ ಕಾವಲು ಕೂರುವುದು ವಾಡಿಕೆ. ಕಾವಲಿಗೆ ಒಂದು ಕೋಲು. ಕೋಲು ಯಾರ ಕೈಯಲ್ಲಿದೆಯೋ ಪಾಳಿ ಅವರದು, ಅವರು ಕಣ್ಣು ಮುಚ್ಚುವಂತಿಲ್ಲ. ಅದನ್ನು ಕೈಯಿಂದ ಕೈಗೇ ಕೊಡಬೇಕು. ನೆಲಕ್ಕಿಡಬಾರದು. ಬೆಳಗಾಗಿ, ಎತ್ತುಗಳ ಕಣ್ಣಿ ಬಿಚ್ಚಿದ ಮೇಲೆಯೇ ಗೋಡೆಗೆ ಒರಗಿಸುವುದು. ಒರಗಿದ ಕೋಲನ್ನು ಕಂಡರೆ, ಇನ್ನು ಯಾರೂ ಕಾಯಬೇಕಾದ್ದಿಲ್ಲ, ಕಾವಲು ಮುಗಿಯಿತು ಎಂದರ್ಥ.

ಆ ಹೇರಿನವರಲ್ಲಿ ಒಬ್ಬ ಮುದುಕನಿದ್ದ. ಅವನ ಹೆಸರು ಯಾರಿಗೂ ನೆನಪಿಲ್ಲ, ಹೇರಿನಜ್ಜ ಎನ್ನುತ್ತಾರೆ. ಒಂದು ಸಲ ಎಲ್ಲರೂ ಕಣಿವೆ ಏರಿ ಸತ್ತು ಸುಣ್ಣವಾಗಿದ್ದ ರಾತ್ರಿ ಮೊದಲ ಪಾಳಿ ಅವನಿಗೆ ಬಂತು. ಪಾಳಿ ಮುಗಿದ ಮೇಲೆ ಮುಂದಿನವನ ಹೆಗಲಿಗೆ ಕೋಲು ತಾಗಿಸಿ ಎಬ್ಬಿಸಿದ. ಅವನು “ಹಾಂ, ಎದ್ದೆ” ಎಂದು ಮಗ್ಗುಲು ಬದಲಿಸಿದ. ಅದರ ಮುಂದಿನವನೂ “ಎದ್ದೆ” ಎಂದ, ಏಳಲಿಲ್ಲ. ಬೈದು ಎಬ್ಬಿಸುವ ಗಂಟಲು ಅಜ್ಜನಿಗಿರಲಿಲ್ಲ. ಹುಡುಗರು ದಣಿದಿದ್ದಾರೆ, ಇರಲಿ ಎಂದು ತಾನೇ ಕೂತ. ಬೆಳಗ್ಗೆ ನೋಡಿದರೆ ಅಜ್ಜ ಕೂತಲ್ಲೇ ತೀರಿಹೋಗಿದ್ದ, ಕೋಲು ಕೈಯಲ್ಲೇ ಇತ್ತು. ಜೊತೆಯವರು ಬಾಯಿ ಬಡಿದುಕೊಂಡು ಅತ್ತರು. ಆದರೆ ಆ ಕೋಲನ್ನು ಅವನ ಕೈಯಿಂದ ಬಿಡಿಸಿಕೊಳ್ಳಲು ಒಬ್ಬನೂ ಮುಂದೆ ಬರಲಿಲ್ಲ. ಹಿಡಿದರೆ ಪಾಳಿ ತನ್ನದಾಗುತ್ತದಲ್ಲ ಎಂಬ ಅಳುಕು. ಕೋಲಿನ ಸಮೇತ ಬೇವಿನ ಮರದಡಿ ಮಣ್ಣು ಮಾಡಿ ಹೊರಟುಹೋದರು. ಹಾಗಾಗಿ ಅಜ್ಜನ ಪಾಳಿ ಮುಗಿಯಲೇ ಇಲ್ಲ.

ಅಲ್ಲಿಂದ ಮುಂದೆ ಛತ್ರದಲ್ಲಿ ಮಲಗಿದವರಿಗೆ ನಡುರಾತ್ರಿ ಹೆಗಲಿಗೆ ಕೋಲು ತಾಗತೊಡಗಿತು. ಕಣ್ಣು ಬಿಟ್ಟರೆ ಮುದುಕನೊಬ್ಬ ಕೋಲು ಚಾಚಿಕೊಂಡು ನಿಂತಿರುತ್ತಿದ್ದ. ಕಿರುಚಿಕೊಂಡು ಹೊರಗೆ ಓಡಿದವರೆಷ್ಟೋ, ಜ್ವರ ಹಿಡಿದು ಮಲಗಿದವರೆಷ್ಟೋ. ನಿಂಬೆಹಣ್ಣು ಕೊಯ್ದರು, ವಿಭೂತಿ ಎರಚಿದರು, ಎಲ್ಲಿಂದಲೋ ಮಂತ್ರವಾದಿಯನ್ನು ಕರೆಸಿದರು. ಮಂತ್ರವಾದಿಯ ಹೆಗಲಿಗೂ ಕೋಲು ತಾಗಿತು, ಅವನು ತನ್ನ ಜೋಳಿಗೆ ಬಿಟ್ಟು ಓಡಿದ. ಮುದುಕ ಏನೋ ಹೇಳುತ್ತಾನೆ ಎಂಬುದು ಎಲ್ಲರಿಗೂ ಗೊತ್ತಿತ್ತು, ನಿಂತು ಕೇಳಿದವರು ಯಾರೂ ಇರಲಿಲ್ಲ. ಬರಬರುತ್ತಾ ದಾರಿಹೋಕರು ಒಳಗೆ ಕಾಲಿಡುವುದನ್ನೇ ಬಿಟ್ಟು, ಎಂಥ ಚಳಿಯಲ್ಲೂ ಹೊರಗೆ ಬೆಂಕಿ ಹಾಕಿಕೊಂಡು ಮುದುರಿಕೊಂಡಿರುತ್ತಿದ್ದರು.

ಇಂಥ ಛತ್ರಕ್ಕೆ ಒಂದು ಸಂಜೆ ಗಾಳೆವ್ವ ಎಂಬ ಸೂಲಗಿತ್ತಿ ಬಂದಳು. ಸುತ್ತಲಿನ ಹಳ್ಳಿಗಳ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು. ಅಂಥವಳಿಗೆ ಒಂದು ರಾತ್ರಿಯಾದರೂ ತನ್ನದೆಂಬುದು ಇರಲಿಲ್ಲ. ಕಣ್ಣು ಹತ್ತಿತು ಅನ್ನುವಷ್ಟರಲ್ಲಿ ಯಾರಾದರೂ ಬಂದು ಹೆಗಲು ಅಲುಗಿಸಿ, ಏಳವ್ವಾ, ನೋವು ಬಂದಾವ ಎನ್ನುತ್ತಿದ್ದರು. ಅವಳಿಗೆ ಒಬ್ಬಳೇ ಮಗಳು, ಸಂಕವ್ವ. ಸಂಕವ್ವನ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಿತ್ತು. ನೋವು ಶುರುವಾದಾಗ ತಾಯಿ ಪಕ್ಕದ ಊರಿನಲ್ಲಿ ಇನ್ನೊಬ್ಬರ ಬಾಣಂತಿಯ ಹತ್ತಿರ ಕೂತಿದ್ದಳು. ಸುದ್ದಿ ತಿಳಿದು ಓಡಿ ಬರುವಷ್ಟರಲ್ಲಿ ಮಗು ಹುಟ್ಟಿತ್ತು, ಉಳಿದಿರಲಿಲ್ಲ. ಊರವರ ಮಕ್ಕಳನ್ನೆಲ್ಲಾ ಉಳಿಸುವ ಕೈ ತನ್ನ ಮಗಳಿಗೆ ಒದಗಲಿಲ್ಲವಲ್ಲ ಎಂಬ ಸಂಕಟ ಗಾಳೆವ್ವನ ಎದೆಯಲ್ಲಿ ಮುರಿದ ಮುಳ್ಳಾಗಿ ಉಳಿದಿತ್ತು. ಈಗ ಸಂಕವ್ವ ಮತ್ತೆ ತುಂಬಿದ ಬಸುರಿ, ನೀರಗುಂದಿಯ ಗಂಡನ ಮನೆಯಲ್ಲಿದ್ದಳು. ಈ ಸಲ ಬಂದೇ ಬರುತ್ತೇನೆ ಎಂದು ತಾಯಿ ಮಾತು ಕೊಟ್ಟಿದ್ದಳು. ಹೊರಟವಳನ್ನು ದಾರಿಯಲ್ಲಿ ಬಿಳೇಬಾವಿಯವರು ಅಡ್ಡ ಹಾಕಿ ಕಾಲಿಗೆ ಬಿದ್ದರು. ಅಲ್ಲಿ ಮಗು ಅಡ್ಡ ನಿಂತಿತ್ತು. ಇಲ್ಲವೆನ್ನಲು ಬಾಯಿ ಬರಲಿಲ್ಲ. ಹಗಲು ರಾತ್ರಿಯೆನ್ನದೆ ಕೂತು, ಆ ತಾಯಿಮಗುವನ್ನು ಉಳಿಸಿಕೊಟ್ಟು ಎದ್ದಾಗ ಗಾಳೆವ್ವನ ಕೈ ಗಡಗಡ ನಡುಗುತ್ತಿತ್ತು. ಕೊಟ್ಟ ತಂಬಿಗೆಯ ನೀರು ಬಾಯಿಗೆ ಹೋಗುವ ಮೊದಲು ಸೀರೆಯ ಮೇಲೆ ಚೆಲ್ಲಿತು. ಈ ಕೈ ಇಟ್ಟುಕೊಂಡು ಮಗಳನ್ನು ಹೇಗೆ ಮುಟ್ಟಲಿ ಎಂದು ದಾರಿಯುದ್ದಕ್ಕೂ ಅವಳಿಗೆ ಅದೇ ಚಿಂತೆ. ಒಂದು ರಾತ್ರಿ ನಿದ್ದೆಯಾದರೆ ಕೈ ಹದಕ್ಕೆ ಬಂದೀತು. ಅವಳಿಗೆ ದೇವರಲ್ಲಿ ಬೇಡುವುದು ಅಷ್ಟೇ ಇತ್ತು.

ಛತ್ರದ ಹೊರಗೆ ಬೆಂಕಿ ಕಾಯುತ್ತಿದ್ದ ದಾರಿಹೋಕರು ಅವಳನ್ನು ತಡೆದರು. “ಒಳಗ ಹೋಗಬ್ಯಾಡ್ರಿ ಅವ್ವಾ, ದೆವ್ವ ಐತಿ” ಎಂದರು.

“ಇರವಲ್ದ್ಯಾಕ” ಎಂದಳು ಗಾಳೆವ್ವ. “ನನ್ನ ಹೆಗಲು ಅಲುಗಿಸಿ ಎಬ್ಬಿಸಲಿಲ್ಲಂದ್ರ ಸಾಕು.”

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ದೆವ್ವ ಮಾಡುವುದೇ ಅದನ್ನು ಎಂದು ಹೇಳುವಷ್ಟರಲ್ಲಿ ಅವಳು ಒಳಗೆ ಹೋಗಿ, ಸೆರಗು ಹೊದ್ದು, ತಲೆಗೆ ಕೈಯಿಟ್ಟು ಮಲಗಿಯಾಗಿತ್ತು. ಹೆದರಲಿಕ್ಕೂ ಒಂದಿಷ್ಟು ತ್ರಾಣ ಬೇಕು, ಅದೂ ಅವಳಲ್ಲಿ ಉಳಿದಿರಲಿಲ್ಲ.

ರಾತ್ರಿ ಕೋಲು ಹೆಗಲಿಗೆ ತಾಗಿತು. ಗಾಳೆವ್ವ ಕಿರುಚಲಿಲ್ಲ. ಕಣ್ಣು ಮುಚ್ಚಿಕೊಂಡೇ ಎದ್ದು ಕೂತು, ರೂಢಿಯಂತೆ, “ಬಂದೆ, ನೀರು ಕಾಯಾಕ ಇಡ್ರಿ” ಎಂದಳು. ಹಾಗೆಂದು ಕಣ್ಣು ಬಿಟ್ಟಳು. ಮುದುಕನೊಬ್ಬ ಕೋಲು ಚಾಚಿ ನಿಂತಿದ್ದ. ಒಬ್ಬರು ಓಡದೆ ಉಳಿದದ್ದು ಅವನಿಗೂ ಹೊಸದು. ತೊದಲುತ್ತಾ, “ನನ್ನ ಪಾಳಿ ಮುಗದು ಭಾಳ ದಿನ ಆತವ್ವಾ. ಯಾರೂ ಏಳವಲ್ರು” ಎಂದ. ಗಾಳೆವ್ವನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಬದುಕಿದವರು ಎಬ್ಬಿಸಿದ್ದು ಸಾಲದೆಂದು ಸತ್ತವರೂ ಶುರುಮಾಡಿದರಲ್ಲ ಎಂದು ಬಾಯಿಗೆ ಬಂದಂತೆ ಬೈದಳು. ನಿನ್ನ ಮನೆ ಹಾಳಾಗ, ನನಗೆ ಮಗಳಿದ್ದಾಳೆ, ನಾಳೆ ಈ ಕೈಯಲ್ಲಿ ಅವಳ ಜೀವ ಹಿಡಿಯಬೇಕು, ನನ್ನನ್ನು ಮಲಗಗೊಡು ಎಂದು ಗಳಗಳ ಅತ್ತಳು. ಮುದುಕ ತಲೆ ತಗ್ಗಿಸಿ ಕೇಳಿಸಿಕೊಂಡ. ಬೈಸಿಕೊಂಡು ತಿರುಗಿ ಕಟ್ಟೆಯ ಕಡೆಗೆ ನಡೆದ. ಆಗ ಅವನು ಹಿಡಿದ ಕೋಲು ನಡುಗುತ್ತಿರುವುದು ಅವಳಿಗೆ ಕಂಡಿತು. ತನ್ನ ಕೈಯಲ್ಲಿ ತಂಬಿಗೆ ನಡುಗಿದಂತೆಯೇ ಇತ್ತು ಅದು.

ಅದನ್ನು ಕಂಡ ಮೇಲೆ ಅವಳಿಂದ ಮಲಗಲಾಗಲಿಲ್ಲ. ಜನ್ಮದಲ್ಲಿ ಒಂದು ಸಲವೂ ಎಬ್ಬಿಸಿದವರಿಗೆ ಇಲ್ಲವೆಂದವಳಲ್ಲ. ಸೊಂಟ ಹಿಡಿದುಕೊಂಡು ಎದ್ದು ಹೊರಗೆ ಹೋಗಿ, “ಕೊಡು ಇಲ್ಲಿ. ನೀ ಮಕ್ಕೋ ಯಜ್ಜಾ, ನಾ ಅದೀನಿ” ಎಂದು ಕೋಲು ಇಸಕೊಂಡಳು. ಮುದುಕ ಒಳಗೆ ಹೋಗಿ ಅವಳು ಬಿಟ್ಟೆದ್ದ ಜಾಗದಲ್ಲೇ ಮಲಗಿದನಂತೆ. ಅವನು ಬಿಟ್ಟ ನಿಟ್ಟುಸಿರಿಗೆ ಬೇವಿನ ಎಲೆಗಳು ಅಲುಗಿದವು ಎನ್ನುತ್ತಾರೆ. ಗಾಳೆವ್ವ ಕೋಲಿಗೆ ಗದ್ದ ಊರಿ ಕಟ್ಟೆಯ ಮೇಲೆ ಕೂತಳು. ಪುಣ್ಯ ಮಾಡಿದೆ ಎಂದೇನೂ ಅವಳಿಗೆ ಅನ್ನಿಸಲಿಲ್ಲ. ತನ್ನ ಬುದ್ಧಿಗೇ ಬೆಂಕಿ ಬೀಳಲಿ, ಮತ್ತೆ ಅದೇ ಮಾಡಿದೆನಲ್ಲ, ಮತ್ತೊಬ್ಬರಿಗೆ ಎದ್ದು ಮಗಳಿಗೆ ಇಲ್ಲವಾದೆನಲ್ಲ ಎಂದು ಒಳಗೊಳಗೇ ಬೇಯುತ್ತಾ ಕೂತಳು. ಕಾವಲು ಕಾಯುತ್ತಾ ಕಾಯುತ್ತಾ ರೆಪ್ಪೆಗಳು ಭಾರವಾದವು. ಕತ್ತು ವಾಲಿತು. ಯಾರೋ ತನ್ನ ಬೆರಳುಗಳನ್ನು ಮೆಲ್ಲನೆ ಬಿಡಿಸಿ ಕೋಲು ತೆಗೆದುಕೊಂಡಂತಾಯಿತು. ನನ್ನ ಪಾಳಿ ಇನ್ನೂ ಮುಗಿದಿಲ್ಲ ಎಂದು ನಿದ್ದೆಗಣ್ಣಲ್ಲೇ ಗೊಣಗಿದಳು.

“ಅರ್ಧ ನಿದ್ದಿ ಸಾಕಾತವ್ವಾ ನನಗ” ಎಂದಿತು ದನಿ. “ಉಳಿದದ್ದು ನೀ ತಗೋ.”

ಅವಳು ಎಚ್ಚರಗೊಂಡಾಗ ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು. ಅಯ್ಯೋ ಹೊತ್ತಾಯಿತು ಎಂದು ಧಡಕ್ಕನೆ ಎದ್ದಳು. ಅಜ್ಜನ ಜೊತೆ ಮಣ್ಣಿಗೆ ಹೋಗಿದ್ದ ಕೋಲು ಗೋಡೆಗೆ ಒರಗಿತ್ತು. ಅದನ್ನು ನೋಡುತ್ತಾ ನಿಲ್ಲುವ ವ್ಯವಧಾನವಿಲ್ಲದೆ ಕಣಿವೆ ಇಳಿದು ಓಡಿದಳು. ನೀರಗುಂದಿಯಲ್ಲಿ ಸಂಕವ್ವ ಹೊಸ್ತಿಲ ಹತ್ತಿರ ಗೋಡೆ ಹಿಡಿದು ನಿಂತಿದ್ದಳು, ನೋವು ಆಗತಾನೇ ಶುರುವಾಗಿತ್ತು. ಬಂದೆಯಾ ಯವ್ವಾ ಎಂದವಳೇ ತಾಯಿಯ ಕೊರಳಿಗೆ ಬಿದ್ದಳು. ಹೆರಿಗೆ ಸುಲಭದ್ದಾಗಿರಲಿಲ್ಲ. ಕರುಳುಬಳ್ಳಿ ಕೂಸಿನ ಕೊರಳಿಗೆ ಸುತ್ತಿಕೊಂಡಿತ್ತು. ಅದನ್ನು ಬಿಡಿಸುವಾಗ ಗಾಳೆವ್ವನ ಕೈ ಎಳ್ಳಷ್ಟೂ ನಡುಗಲಿಲ್ಲ. ಕೂಸು ಮನೆ ಹಾರಿಹೋಗುವಂತೆ ಅತ್ತಿತು. ಅದರ ಅಳು ಕೇಳುತ್ತಾ ಗಾಳೆವ್ವ ಗೋಡೆಗೆ ಒರಗಿ ನಕ್ಕಳು, ಆಮೇಲೆ ಅತ್ತಳು, ಆಮೇಲೆ ಕೂತಲ್ಲೇ ಮತ್ತೊಂದು ನಿದ್ದೆ ತೆಗೆದಳು.

ಬಾಣಂತನ ಮುಗಿಸಿ ತಿರುಗಿ ಬರುವಾಗ ಅವಳು ಛತ್ರದ ಮುಂದೆ ಬೆಂಕಿ ಕಾಯುತ್ತಿದ್ದವರಿಗೆ ನಡೆದದ್ದನ್ನೆಲ್ಲಾ ಹೇಳಿದಳು. ಅಜ್ಜನಿಗೆ ಬೇಕಾದದ್ದು ಕೋಳಿಯಲ್ಲ, ನಿಂಬೆಹಣ್ಣಲ್ಲ, ಒಂದಿಷ್ಟು ಬದಲಿ ಎಂದು ಗದರಿದಳು. ಅಂದಿನಿಂದ ಅಲ್ಲಿ ತಂಗುವವರು ಮಲಗುವ ಮುನ್ನ ಸ್ವಲ್ಪ ಹೊತ್ತು ಕೋಲು ಹಿಡಿದು ಕಟ್ಟೆಯ ಮೇಲೆ ಕೂರುವುದು ರೂಢಿಯಾಯಿತು. ರಾಯರಾಗಲಿ ರೈತರಾಗಲಿ ಎಲ್ಲರಿಗೂ ಅದೇ ಕಟ್ಟೆ. ಕೂತೆದ್ದ ಮೇಲೆ ರಾತ್ರಿ ಯಾರ ಹೆಗಲನ್ನೂ ಯಾರೂ ಮುಟ್ಟಲಿಲ್ಲ. ಪಾಳಿಕಟ್ಟೆ ಎಂಬ ಹೆಸರು ಹೀಗೆ ನಿಂತಿತು ಎನ್ನುತ್ತಾರೆ.

ಈಗ ಹೋದವರಿಗೆ ಕಟ್ಟೆ ಕಾಣುತ್ತದೆ. ನಡುವೆ ಒಬ್ಬರು ಕೂರುವಷ್ಟು ಜಾಗದಲ್ಲಿ ಕಲ್ಲು ಸವೆದು ತಗ್ಗಾಗಿದೆ. ಕೋಲೂ ಕಾಣುತ್ತದೆ. ಆದರೆ ಹೋಟೆಲಿನವರು ಅದನ್ನು ಕಟ್ಟೆಯ ಹಿಂದಿನ ಗೋಡೆಗೆ ಹೊಡೆದ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಮುಟ್ಟಬಾರದು ಎಂದು ಹಲಗೆ ಬರೆಸಿದ್ದಾರೆ. ಕೋಲಿಗೆ ಬೀಗ ಬಿದ್ದ ಮೇಲೆ, ರಾತ್ರಿ ಯಾರೋ ಹೆಗಲು ತಟ್ಟಿದರು ಎಂದು ಕೆಲವರು ಬೆಳಗ್ಗೆ ಬೆವರುತ್ತಾ ಹೇಳತೊಡಗಿದರು. ಹೋಟೆಲಿನವರಿಗೆ ಹಿಗ್ಗೋ ಹಿಗ್ಗು, ನೋಡಿ ನಮ್ಮ ದೊರೆಸಾನಿ ಎಂದರು.

ಅಲ್ಲಿ ಕೋಣೆ ಗುಡಿಸಿ ಒರೆಸುವ ಫಕೀರವ್ವ ಎಂಬ ಹೆಂಗಸಿದ್ದಾಳೆ, ಬಿಳೇಬಾವಿಯವಳು. ಬೆಳಗಿನಿಂದ ಬಗ್ಗಿದ ಸೊಂಟ ಎತ್ತದವಳು. ಮನೆಗೆ ಹೋದರೆ ಅಲ್ಲಿಯೂ ಒಲೆ ಅವಳದೇ, ಕಸವೂ ಅವಳದೇ. ಕೆಲಸ ಮುಗಿಸಿ ಸಂಜೆಯ ಬಸ್ಸು ಕಾಯುವಾಗ ಅವಳು ಆ ಕಟ್ಟೆಯ ಮೇಲೆ, ಕಲ್ಲು ಸವೆದ ಜಾಗದಲ್ಲೇ ಕೂರುತ್ತಾಳೆ. ಕೈಯಲ್ಲಿ ನೆಲ ಒರೆಸುವ ಕೋಲು. ಬಾಗಿಲ ಕಡೆಗೆ ತಿರುಗಿ, “ಮಕ್ಕೋ ಯಜ್ಜಾ, ನಾ ಅದೀನಿ” ಎನ್ನುತ್ತಾಳೆ. ಬಂದವರು ಗಾಜಿನ ಪೆಟ್ಟಿಗೆಯ ಫೋಟೋ ತೆಗೆದುಕೊಳ್ಳುತ್ತಾರೆ, ಅವಳನ್ನು ಸ್ವಲ್ಪ ಪಕ್ಕಕ್ಕೆ ಸರಿಯಮ್ಮಾ ಎನ್ನುತ್ತಾರೆ. ಅವಳು ಸರಿಯುತ್ತಾಳೆ, ಅವರು ಹೋದ ಮೇಲೆ ಮತ್ತೆ ಬಂದು ಕೂರುತ್ತಾಳೆ. ಕೆಲವು ದಿನ ದಣಿವು ಹೆಚ್ಚಾಗಿ ಅಲ್ಲೇ ಕಣ್ಣು ಹತ್ತುತ್ತದೆ. ಬಸ್ಸು ಬಂದು ಹಾರ್ನ್ ಹೊಡೆದಾಗ ಗಡಿಬಿಡಿಯಿಂದ ಏಳುತ್ತಾಳೆ. ಆ ದಿನಗಳಲ್ಲಿ ಒರೆಸುವ ಕೋಲು ಅವಳ ಕೈಯಲ್ಲಿ ಇರುವುದಿಲ್ಲ, ಗೋಡೆಗೆ ಒರಗಿರುತ್ತದೆ.