ಮೂರು ಚಿನ್ನದ ಬಿಲ್ಲೆಗಳು

ಮಕ್ಕಳೇ, ಡೆನ್ಮಾರ್ಕ್ ಎಂಬ ತಣ್ಣನೆಯ ದೇಶದಲ್ಲಿ ಒಂದು ಕೊಲ್ಲಿ. ಅದರ ದಡದ ಜೊಂಡಿನಲ್ಲಿ ಇಂಗರ್ ಎಂಬ ಹಂಸ ಗೂಡು ಕಟ್ಟಿದ್ದಳು. ಗೂಡಿನಲ್ಲಿ ನಾಲ್ಕು ಮೊಟ್ಟೆ. ಮೊಟ್ಟೆ ಇಟ್ಟ ವಾರದಲ್ಲೇ ಜೊತೆಗಾರ ತೀರಿಕೊಂಡಿದ್ದ. ಕಾವು, ಕಾವಲು ಎರಡೂ ಅವಳೊಬ್ಬಳದೇ.

ಇಂಗರ್ ಒಳ್ಳೆಯವಳೇ. ಆದರೆ ತನ್ನ ಉದ್ದನೆಯ ಕತ್ತಿನ ಮೇಲೆ ಅವಳಿಗೆ ವಿಪರೀತ ಹೆಮ್ಮೆ. ನೀರಿನಲ್ಲಿ ಅದನ್ನು ನೋಡಿಕೊಳ್ಳದೆ ಒಂದು ತುತ್ತೂ ನುಂಗುತ್ತಿರಲಿಲ್ಲ.

ಆ ವಸಂತದಲ್ಲಿ ದಡದ ಮೂರು ಹಳ್ಳಿಗಳು ಸೇರಿ ಒಂದೇ ಪುರಸಭೆಯಾದವು. ಪುರಸಭೆಗೊಂದು ಲಾಂಛನ ಬೇಕಲ್ಲ! ಚಿತ್ರಕಾರನೊಬ್ಬ ಬಂದು ಎದುರಿನ ಬಂಡೆಯ ಮೇಲೆ ಕೂತ.

"ಇಲ್ಲಿನ ಹಕ್ಕಿಯನ್ನೇ ಬರೀತಾನಂತೆ," ಎಂದು ನೆರೆಯ ಬಾತುಕೋಳಿ ಮಾರೆನ್ ಸುದ್ದಿ ತಂದಳು.

ಇಂಗರ್ ಗೂಡು ಬಿಟ್ಟು ಈಜಿಹೋಗಿ, ಅವನೆದುರು ಕತ್ತು ನೆಟ್ಟಗೆ ಮಾಡಿ ನಿಂತಳು.

ಮಧ್ಯಾಹ್ನ ಪಡುವಣ ಗಾಳಿ ಎದ್ದು ನೀರು ಏರತೊಡಗಿತು. ಹಾಗೆ ಏರಿದಾಗ ಹಂಸಗಳು ಮೊಟ್ಟೆಗಳ ಅಡಿಗೆ ಜೊಂಡು ತುರುಕಿ ಗೂಡನ್ನು ಎತ್ತರಿಸುತ್ತವೆ. ಇಂಗರಳಿಗೂ ಅದು ಗೊತ್ತಿತ್ತು.

"ಅಕ್ಕಾ, ಬೇಗ ಬಾ! ನೀರು ಗೂಡಿನ ಅಂಚಿಗೆ ಬಂತು!" ಮಾರೆನ್ ಕೂಗಿದಳು.

"ಒಂದು ಗಳಿಗೆ ತಾಳೇ. ಈಗಷ್ಟೇ ಕತ್ತು ಬರೀತಿದ್ದಾನೆ. ಅಲುಗಾಡಿದರೆ ಕೆಟ್ಟುಹೋಗುತ್ತೆ."

"ಮೊಟ್ಟೆ ಒದ್ದೆಯಾಗ್ತಿವೆ ಅಕ್ಕಾ!"

"ಬಂದೆ, ಬಂದೆ!"

ಬರಲಿಲ್ಲ. ದೊಡ್ಡ ಅಲೆಯೊಂದು ಗೂಡಿನ ಮೇಲೆ ಹಾದುಹೋಯಿತು. ಇಂಗರ್ ತಿರುಗಿ ನೋಡಿದಾಗ ಮೂರು ಮೊಟ್ಟೆಗಳು ತೇಲುತ್ತಾ ದೂರ ಸಾಗುತ್ತಿದ್ದವು. ಅವಳ ಎದೆ ಒಡೆದುಹೋಯಿತು. ಬೆನ್ನಟ್ಟಿ ಹೋದರೆ ಉಳಿದ ಒಂದೂ ಹೋಗುತ್ತದೆ. ಅವಳು ಗೂಡಿಗೆ ಧಾವಿಸಿ, ಕತ್ತು ಬಗ್ಗಿಸಿ ಜೊಂಡು ಎಳೆಯುತ್ತಾ, ಆ ಒಂದು ಮೊಟ್ಟೆಯನ್ನು ಎದೆಗವುಚಿಕೊಂಡು ಕೂತಳು. ಸಂಜೆ ಗಾಳಿ ಇಳಿಯುವವರೆಗೂ ತಲೆ ಎತ್ತಲಿಲ್ಲ.

ಚಿತ್ರಕಾರ ಮೊದಲಿನ ಹಾಳೆ ಹರಿದುಹಾಕಿ, ಕಂಡದ್ದನ್ನೇ ಬರೆದ. ಲಾಂಛನದ ಗುರಾಣಿಯಾಕಾರದ ನೀಲಿ ಹಿನ್ನೆಲೆಯಲ್ಲಿ ತಲೆ ತಗ್ಗಿಸಿದ ಬಿಳಿ ಹಂಸ, ಕೆಳಗೆ ಅಲೆಗಳ ಮೇಲೆ ಮೂರು ಚಿನ್ನದ ಬಿಲ್ಲೆ.

ಬೇಸಿಗೆಯಲ್ಲಿ ಅದನ್ನು ದಡದ ಮೇಲಿನ ಪುರಸಭೆಯ ಬಾಗಿಲಿಗೆ ತೂಗುಹಾಕಿದರು. ಅಧ್ಯಕ್ಷರು ಜನರಿಗೆ ಅರ್ಥ ಬಿಡಿಸಿ ಹೇಳಿದರು: "ತಗ್ಗಿದ ತಲೆ ನಮ್ಮ ವಿನಯ. ಆ ಮೂರು ಬಿಲ್ಲೆಗಳು ಒಂದಾದ ನಮ್ಮ ಮೂರು ಹಳ್ಳಿಗಳು."

ಎಲ್ಲರೂ ಚಪ್ಪಾಳೆ ತಟ್ಟಿದರು. "ಎಷ್ಟು ಚಂದದ ಹಂಸ!" ಎಂದರು. ನೀರಿನಲ್ಲಿ ಇಂಗರಳ ಪಕ್ಕ ಈಜುತ್ತಿದ್ದ ಬೂದುಬಣ್ಣದ ಒಂದೇ ಮರಿ ಕತ್ತೆತ್ತಿ ಕೇಳಿತು: "ಅಮ್ಮಾ, ಆ ಮೂರು ಹಳ್ಳಿ ಎಲ್ಲಿವೆ?"

ಇಂಗರ್ ಕತ್ತು ಬಗ್ಗಿಸಿ ಮರಿಯನ್ನು ರೆಕ್ಕೆಯ ಪಕ್ಕಕ್ಕೆ ಸೇರಿಸಿಕೊಂಡಳು.

"ಹಳ್ಳಿಗಳಲ್ಲ ಕಂದಾ," ಎಂದಳು. "ಅವರು ನಿನ್ನ ಒಡಹುಟ್ಟಿದವರು."

ನೀತಿ: ಕಾಪಾಡಬೇಕಾದವರನ್ನು ಮರೆತು ಹೊಗಳಿಕೆಗೆ ಕಾದು ನಿಂತರೆ, ಬಂದ ಹೊಗಳಿಕೆಯೂ ಮನಸ್ಸಿಗೆ ಮುಳ್ಳಾಗುತ್ತದೆ.